ಪೆನ್ಸಿಲ್ಲಿನೊಡನೆ ಸ್ಪರ್ಧೆ: ಮನೆ ಲೆಕ್ಕದ ತಂತ್ರಾಂಶ ಬೆಳೆದು ಬಂದ ದಾರಿ

ಹಾಲಿನ ಬಾಕಿ, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಸಾಲದ ಕಂತು – ತಿಂಗಳ ಮೊದಲ ವಾರದಲ್ಲಿ ಇವನ್ನೆಲ್ಲ ತೀರಿಸಿದ ಮೇಲೆ ಉಳಿಯುವುದೆಷ್ಟು ಎಂದು ನಿಮ್ಮ ಮನೆಯಲ್ಲಿ ಯಾರು ಲೆಕ್ಕ ಹಾಕುತ್ತಾರೆ? ಅದನ್ನು ಎಲ್ಲಿ ಬರೆದಿಡುತ್ತಾರೆ? ಹಳೆಯ ಡೈರಿಯಲ್ಲೋ, ಕ್ಯಾಲೆಂಡರಿನ ಹಾಳೆಯ ಮೇಲೋ, ಬಿಲ್ಲಿನ ಹಿಂಬದಿಯಲ್ಲೋ? ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?

ಇವು ತೀರ ಸಾಮಾನ್ಯ ಪ್ರಶ್ನೆಗಳು. ಇವನ್ನು ಕೇಳಲು ಗಣಕ ವಿಜ್ಞಾನದ ಪದವಿ ಬೇಕಿಲ್ಲ. ಆದರೆ ಮನೆಯ ಹಣಕಾಸನ್ನು ನೋಡಿಕೊಳ್ಳುವ ತಂತ್ರಾಂಶಗಳ ಚರಿತ್ರೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾದವರು ಗೆದ್ದರು. ಉತ್ತರ ತಮಗೆ ಮೊದಲೇ ಗೊತ್ತೆಂದು ಭಾವಿಸಿದವರು ಸೋತರು. ಏನನ್ನು ಕಟ್ಟಬೇಕೆಂದು ಮೊದಲು ಕಂಡುಕೊಳ್ಳುವ ಕೆಲಸಕ್ಕೆ ಇಂದು 'ಉತ್ಪನ್ನ ಶೋಧನೆ' ಎಂಬ ಹೆಸರಿದೆ. ಪೂರ್ತಿ ಕಟ್ಟುವ ಮುನ್ನ ಅಗ್ಗದಲ್ಲಿ, ಬೇಗನೆ ಮಾಡಿ ನೋಡುವ ಕಚ್ಚಾ ರೂಪಕ್ಕೆ 'ಮೂಲಮಾದರಿ' ಎನ್ನುತ್ತಾರೆ. ಇವೆರಡರ ಮಹತ್ವ ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಊಹೆಯಿಂದ ಹುಟ್ಟಿದ ಯಂತ್ರ

1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ದುಬಾರಿ ಮಳಿಗೆ ತನ್ನ ಕ್ರಿಸ್‌ಮಸ್ ಪಟ್ಟಿಯಲ್ಲಿ ಒಂದು ವಿಚಿತ್ರ ವಸ್ತುವನ್ನು ಸೇರಿಸಿತು. ಅದೇ ಹನಿವೆಲ್ ಕಂಪನಿಯ 'ಅಡುಗೆಮನೆಯ ಕಂಪ್ಯೂಟರ್'. ಬೆಲೆ 10,600 ಡಾಲರ್. ಅಡುಗೆಯ ವಿಧಾನಗಳನ್ನು ನೆನಪಿಟ್ಟುಕೊಂಡು ಗೃಹಿಣಿಗೆ ನೆರವಾಗುವುದು ಅದರ ಉದ್ದೇಶ. ತರಕಾರಿ ಹೆಚ್ಚಲು ಮುಂದಕ್ಕೆ ಚಾಚಿದ ಹಲಗೆಯೂ ಇತ್ತು! ಆದರೆ ಅದಕ್ಕೆ ಪರದೆಯಾಗಲೀ ಸಾಮಾನ್ಯ ಕೀಲಿಮಣೆಯಾಗಲೀ ಇರಲಿಲ್ಲ. ಮಾಹಿತಿಯನ್ನು ಸ್ವಿಚ್ಚುಗಳ ಸಾಲಿನ ಮೂಲಕ ದ್ವಿಮಾನ ಅಂಕಿಗಳಲ್ಲಿ ತುಂಬಬೇಕಿತ್ತು. ಉತ್ತರವನ್ನು ಹೊತ್ತಿ ಆರುವ ದೀಪಗಳಿಂದ ಓದಿಕೊಳ್ಳಬೇಕಿತ್ತು. ಇದನ್ನು ಕಲಿಯಲು ಎರಡು ವಾರಗಳ ತರಬೇತಿ! ಒಬ್ಬ ಗೃಹಿಣಿಯಾದರೂ ಇದನ್ನು ಕೊಂಡದ್ದಕ್ಕೆ ದಾಖಲೆಯಿಲ್ಲ.

ಜಾಹೀರಾತಿಗಾಗಿಯೇ ಮಾಡಿದ ಆಟವೆಂದು ಇದನ್ನು ನಕ್ಕು ಬಿಡಬಹುದು. ಆದರೆ ಇದರ ಹಿಂದಿನ ಆಲೋಚನೆಯ ಕ್ರಮವನ್ನು ನೋಡಿ. ಕೈಯಲ್ಲಿ ಒಂದು ಯಂತ್ರವಿದೆ. ಅದಕ್ಕೊಂದು ಕೆಲಸ ಹುಡುಕಬೇಕು. ಮನೆಯಲ್ಲಿ ಅಡುಗೆ ನಡೆಯುತ್ತದೆ, ಆದ್ದರಿಂದ ಅಡುಗೆಗೆ ಹಚ್ಚೋಣ. ಅಡುಗೆ ಮಾಡುವವರಿಗೆ ನಿಜವಾಗಿ ಯಾವುದು ಕಷ್ಟ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಮುಂದೆ 1970ರ ದಶಕದ ಕೊನೆಯಲ್ಲಿ ಪುಟ್ಟ ಕಂಪ್ಯೂಟರುಗಳು ಮಾರುಕಟ್ಟೆಗೆ ಬಂದಾಗಲೂ 'ಮನೆಯಲ್ಲಿ ಇದರಿಂದೇನು ಉಪಯೋಗ?' ಎಂಬ ಪ್ರಶ್ನೆಗೆ ತಯಾರಕರು ಕೊಡುತ್ತಿದ್ದ ಸಿದ್ಧ ಉತ್ತರಗಳು ಇಂಥವೇ. ಅಡುಗೆಯ ವಿಧಾನ ಬರೆದಿಡಬಹುದು, ಚೆಕ್‌ಪುಸ್ತಕದ ಲೆಕ್ಕ ಇಡಬಹುದು.

ಕೈಗೆ ಸಿಕ್ಕಿದ ಮೂಲಮಾದರಿ

ಲೆಕ್ಕದ ತಂತ್ರಾಂಶಕ್ಕೆ ನಿಜವಾದ ತಿರುವು ಕೊಟ್ಟದ್ದು 'ವಿಸಿಕ್ಯಾಲ್ಕ್'. ಇಂದಿನ ಎಕ್ಸೆಲ್‌ನಂಥ ಕೋಷ್ಟಕ ತಂತ್ರಾಂಶಗಳ ಪೂರ್ವಜ ಇದು. ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ 1978ರಲ್ಲಿ ಈ ಆಲೋಚನೆ ಹೊಳೆಯಿತು. ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕು. ಈ ಕೆಲಸವನ್ನು ಯಂತ್ರವೇ ಮಾಡಿದರೆ? ಅವನ ಮೊದಲ ಕಲ್ಪನೆ ಬಹಳ ಭವ್ಯವಾಗಿತ್ತು. ಯುದ್ಧವಿಮಾನದ ಚಾಲಕನಿಗೆ ಕಾಣುವಂತೆ ಅಂಕಿಗಳು ಕಣ್ಣೆದುರೇ ತೇಲಬೇಕು, ಕೈಯಲ್ಲಿನ ಕ್ಯಾಲ್ಕುಲೇಟರನ್ನು ಮೌಸಿನಂತೆ ಸರಿಸುತ್ತ ಅವನ್ನು ತಿದ್ದಬೇಕು.

ಆ ಕನಸನ್ನು ಬ್ರಿಕ್ಲಿನ್ ಕಾಗದದ ಮೇಲೆಯೇ ಬೆಳೆಸುತ್ತ ಕೂರಲಿಲ್ಲ. ಎರವಲು ಸಿಕ್ಕಿದ ಒಂದು ಆಪಲ್-2 ಕಂಪ್ಯೂಟರಿನಲ್ಲಿ ವಾರಾಂತ್ಯದೊಳಗೆ ಬೇಸಿಕ್ ಭಾಷೆಯಲ್ಲಿ ಒಂದು ಕಚ್ಚಾ ಮಾದರಿ ಬರೆದ. ಪರದೆಯ ಮೇಲೆ ಅತ್ತಿತ್ತ ಸರಿಯಲು ಆಟಗಳಿಗೆ ಬಳಸುವ ಹಿಡಿಕೆಯನ್ನು ಜೋಡಿಸಿ ನೋಡಿದ. ಅದು ತೀರ ಮಂದ. ಬೇಕಾದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಕೂಡಲೇ ಅದನ್ನು ಬಿಟ್ಟು ಕೀಲಿಮಣೆಯ ಬಾಣದ ಕೀಲಿಗಳನ್ನು ಬಳಸಿದ. ಇಂದು ನೀವು ಯಾವುದೇ ಕೋಷ್ಟಕದಲ್ಲಿ ಬಾಣದ ಕೀಲಿ ಒತ್ತಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತೀರಲ್ಲ, ಅದರ ಹಿಂದೆ ಆ ಸೋತ ಪ್ರಯೋಗವಿದೆ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅದನ್ನು ವೇಗದ ತಂತ್ರಾಂಶವಾಗಿ ಬರೆದ ಮೇಲೆ 1979ರಲ್ಲಿ ವಿಸಿಕ್ಯಾಲ್ಕ್ ಮಾರುಕಟ್ಟೆಗೆ ಬಂತು.

ಇಲ್ಲಿ ಕಲಿಯಬೇಕಾದದ್ದೇನು? ಮೂಲಮಾದರಿ ಎಂದರೆ ಉತ್ಪನ್ನದ ಚಿಕ್ಕ ರೂಪವಲ್ಲ. ಅದೊಂದು ಪ್ರಶ್ನೆ. 'ಹೀಗೆ ಮಾಡಿದರೆ ನಡೆಯುತ್ತದೆಯೇ?' ಎಂದು ಕೇಳುವ ಅಗ್ಗದ ಉಪಾಯ. ಉತ್ತರ 'ಇಲ್ಲ' ಎಂದಾದರೆ ಹೋಗುವುದು ಒಂದು ವಾರಾಂತ್ಯ ಮಾತ್ರ; ಒಂದು ವರ್ಷವಲ್ಲ.

ನಲವತ್ತೇಳನೆಯವರು

ಈಗ ಮನೆಯ ಲೆಕ್ಕಕ್ಕೆ ಬರೋಣ. ಆ ಕಾಲದ ಅಮೆರಿಕದ ಮಧ್ಯಮವರ್ಗದ ಮನೆಯಲ್ಲಿ ತಿಂಗಳ ಬಿಲ್ಲುಗಳನ್ನು ತೀರಿಸುವುದೆಂದರೆ ಮೇಜಿನ ಮುಂದೆ ಕುಳಿತು ಒಂದೊಂದಕ್ಕೂ ಚೆಕ್ ಬರೆಯುವುದು. ಚೆಕ್ಕಿನ ವಿವರವನ್ನು ಪುಟ್ಟ ದಾಖಲೆ ಪುಸ್ತಕದಲ್ಲಿ ನಮೂದಿಸುವುದು, ಉಳಿಕೆಯನ್ನು ಕಳೆಯುವುದು, ಚೆಕ್ಕನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಡುವುದು. ತಿಂಗಳ ಕೊನೆಗೆ ಬ್ಯಾಂಕು ಕಳಿಸಿದ ಪಟ್ಟಿಯೊಡನೆ ಇದನ್ನೆಲ್ಲ ತಾಳೆ ನೋಡುವುದು. ನಗದಿನಲ್ಲೇ ವ್ಯವಹಾರ ಮುಗಿಸುತ್ತಿದ್ದ ಅಂದಿನ ನಮ್ಮ ಮನೆಗಳಿಗಿಂತ ಇದು ತೀರ ಬೇರೆ ಎಂಬುದನ್ನು ನೆನಪಿಡಿ.

1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಕಾಟ್ ಕುಕ್‌ನ ಪತ್ನಿ ಸಿಗ್ನಿ ಆಸ್ಟ್‌ಬಿ ಈ ಕೆಲಸದ ಬಗ್ಗೆ ಬೇಸರಪಟ್ಟುಕೊಂಡಳು. ಕುಕ್ ತಂತ್ರಾಂಶ ಬರೆಯುವವನಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಗೃಹಬಳಕೆ ವಸ್ತುಗಳ ಕಂಪನಿಯಲ್ಲಿ ಅಡುಗೆ ಕೊಬ್ಬಿನ ಮಾರಾಟ ನೋಡಿಕೊಂಡಿದ್ದವನು. ಅಲ್ಲಿ ಅವನು ಕಲಿತ ಪಾಠವೆಂದರೆ, ಹೊಸ ವಸ್ತು ತಯಾರಿಸುವ ಮುನ್ನ ಅದನ್ನು ಬಳಸುವವರನ್ನು ವಿಚಾರಿಸಬೇಕು. ಅದನ್ನೇ ಮಾಡಿದ. ಮನೆಗಳಿಗೆ ದೂರವಾಣಿ ಕರೆ ಮಾಡಿ, ನೀವು ಬಿಲ್ಲುಗಳನ್ನು ಹೇಗೆ ತೀರಿಸುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಅದರಲ್ಲಿ ಯಾವುದು ಬೇಸರ ಎಂದು ಕೇಳಲಾಯಿತು. ಉತ್ತರಗಳಲ್ಲಿ ವಿಚಿತ್ರ ಏಕಸ್ವರ. ಯಾರಿಗೂ ಈ ಕೆಲಸ ಇಷ್ಟವಿಲ್ಲ. ಯಾರಿಗೂ ಹಣಕಾಸಿನ ಆಳವಾದ ವಿಶ್ಲೇಷಣೆ ಬೇಕಿಲ್ಲ. ಬೇಕಾದದ್ದು ಒಂದೇ: ಈ ತಲೆನೋವು ಬೇಗ ಮುಗಿಯಬೇಕು.

ಆಗ ಮಾರುಕಟ್ಟೆ ಖಾಲಿಯಿತ್ತೇ? ಇಲ್ಲವೇ ಇಲ್ಲ. ಮನೆ ಲೆಕ್ಕದ 46 ತಂತ್ರಾಂಶಗಳು ಆಗಲೇ ಇದ್ದವು. ನಲವತ್ತೇಳನೆಯವರಾಗಿ ಬಂದದ್ದೇ ನಮಗೆ ಅನುಕೂಲವಾಯಿತು ಎಂದು ಕುಕ್ ಮುಂದೆ ತಮಾಷೆಯಾಗಿ ಹೇಳುತ್ತಿದ್ದ. ಇದ್ದ ತಂತ್ರಾಂಶಗಳನ್ನು ಪರೀಕ್ಷಿಸಿದಾಗ ಒಂದು ಸರಳ ಸತ್ಯ ಹೊರಬಿತ್ತು. ಅವುಗಳಲ್ಲಿ ಚೆಕ್ಕಿನ ಲೆಕ್ಕ ಮುಗಿಸಲು ಕೈಯಿಂದ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು! ಸೌಲಭ್ಯಗಳ ಪಟ್ಟಿಯಲ್ಲಿ ಅವು ಒಂದನ್ನೊಂದು ಮೀರಿಸುತ್ತಿದ್ದವು. ಆದರೆ ಎಲ್ಲವೂ ಪೆನ್ಸಿಲ್ಲಿನ ಮುಂದೆ ಸೋತಿದ್ದವು. ತನ್ನ ನಿಜವಾದ ಪ್ರತಿಸ್ಪರ್ಧಿ ಪೆನ್ಸಿಲ್ ಎಂಬುದನ್ನು ಕುಕ್ ಕಂಡುಕೊಂಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಮವಿಧಿ ಬರೆಯುವವರನ್ನು ಹುಡುಕುತ್ತ ಹೋದಾಗ ಸಿಕ್ಕಿದ ವಿದ್ಯಾರ್ಥಿ ಟಾಮ್ ಪ್ರೂಲ್. ಇಬ್ಬರೂ ಸೇರಿ 1983ರಲ್ಲಿ 'ಇಂಟ್ಯೂಟ್' ಕಂಪನಿ ಆರಂಭಿಸಿದರು.

ಕೈಯಲ್ಲಿ ಗಡಿಯಾರ ಹಿಡಿದು

ತಂತ್ರಾಂಶದ ಹೆಸರು 'ಕ್ವಿಕನ್'. ಹೆಸರಿನಲ್ಲೇ ವೇಗವಿದೆ. ಪರದೆಯ ಮೇಲೆ ಕಾಣುತ್ತಿದ್ದುದು ಲೆಕ್ಕಶಾಸ್ತ್ರದ ನಮೂನೆಗಳಲ್ಲ. ಜನರಿಗೆ ಪರಿಚಿತವಾದ ಚೆಕ್ಕಿನ ಚಿತ್ರ ಮತ್ತು ದಾಖಲೆ ಪುಸ್ತಕದ ಪುಟ. ಕಾಗದದ ಮೇಲೆ ಎಲ್ಲಿ ಬರೆಯುತ್ತಿದ್ದರೋ ಪರದೆಯಲ್ಲೂ ಅಲ್ಲೇ ಬರೆಯಬೇಕು. ಹೊಸದಾಗಿ ಕಲಿಯಬೇಕಾದದ್ದು ಕಡಿಮೆಯಾದಷ್ಟೂ ಒಳ್ಳೆಯದು.

ಇದು ನಿಜಕ್ಕೂ ಸುಲಭವೇ ಎಂದು ತಿಳಿಯುವುದು ಹೇಗೆ? ತಂತ್ರಾಂಶ ಬರೆದವನಿಗೆ ತನ್ನದು ಯಾವಾಗಲೂ ಸುಲಭವೇ! 1984ರಲ್ಲಿ ಪಾಲೊ ಆಲ್ಟೊ ಊರಿನ ಜೂನಿಯರ್ ಲೀಗ್ ಎಂಬ ಮಹಿಳಾ ಸಂಘದ ಸದಸ್ಯೆಯರನ್ನು ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಲಾಯಿತು. ಅವರಲ್ಲಿ ಹೆಚ್ಚಿನವರಿಗೆ ಕಂಪ್ಯೂಟರ್ ಬಳಸಿ ಅಭ್ಯಾಸವಿರಲಿಲ್ಲ. ಕುಕ್ ಮತ್ತು ಪ್ರೂಲ್ ಕೈಯಲ್ಲಿ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತರು. ಎಲ್ಲಿ ತಡವರಿಸುತ್ತಾರೆ, ಯಾವ ಪದ ಓದಿ ಗೊಂದಲಗೊಳ್ಳುತ್ತಾರೆ, ಯಾವ ಕೀಲಿಗಾಗಿ ಹುಡುಕಾಡುತ್ತಾರೆ ಎಂದು ಗುರುತು ಹಾಕಿಕೊಂಡರು. ತಡವರಿಸಿದ ಜಾಗಗಳನ್ನು ತಿದ್ದಿ ಮತ್ತೆ ಪರೀಕ್ಷಿಸಿದರು. ಇಂದು 'ಬಳಕೆಯೋಗ್ಯತೆಯ ಪರೀಕ್ಷೆ' ಎಂದು ಕರೆಯುವ ಈ ವಿಧಾನ ಮನೆಬಳಕೆಯ ತಂತ್ರಾಂಶಗಳ ವಿಷಯದಲ್ಲಿ ಆಗ ತೀರ ಅಪರೂಪ. ಇಲ್ಲಿನ ನಿಯಮ ಒಂದೇ – ಬಳಸುವವರು ಎಡವಿದರೆ ತಪ್ಪು ತಂತ್ರಾಂಶದ್ದು.

ಅತಿ ದೊಡ್ಡ ತೊಡಕು ಬಂದದ್ದು ಪರದೆಯಲ್ಲಲ್ಲ, ಮುದ್ರಕದಲ್ಲಿ. ಆಗಿನ ಚುಕ್ಕಿ ಮುದ್ರಕಗಳಲ್ಲಿ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದವನ್ನು ಹಲ್ಲುಚಕ್ರಗಳು ಎಳೆಯುತ್ತಿದ್ದವು. ಮೊದಲೇ ಮುದ್ರಿಸಿದ ಚೆಕ್ ಹಾಳೆಯನ್ನು ಅದರಲ್ಲಿ ಸರಿಯಾದ ಜಾಗಕ್ಕೆ ಕೂರಿಸುವುದು ದೊಡ್ಡ ಹಿಂಸೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೊತ್ತ ಗೆರೆಯ ಮೇಲೆ ಬೀಳುತ್ತಿರಲಿಲ್ಲ. ಪ್ರೂಲ್ ಇದಕ್ಕೊಂದು ಸೊಗಸಾದ ಉಪಾಯ ಕಂಡುಹಿಡಿದ. ಹಾಳೆಯನ್ನು ಹೇಗಾದರೂ ಹಾಕಿ, ಒಂದು ಮಾದರಿ ಚೆಕ್ ಮುದ್ರಿಸಿ. ಅದರ ಮೇಲೆ ಬಿದ್ದ ಬಾಣದ ಗುರುತು ಅಂಚಿನ ಯಾವ ಅಂಕಿಯನ್ನು ತೋರಿಸುತ್ತದೆ ನೋಡಿ. ಆ ಅಂಕಿಯನ್ನು ಕಂಪ್ಯೂಟರಿಗೆ ತಿಳಿಸಿ. ಉಳಿದ ಹೊಂದಾಣಿಕೆಯೆಲ್ಲ ತಂತ್ರಾಂಶದ್ದು. ಮನುಷ್ಯ ಕಾಗದವನ್ನು ಸರಿಸುವ ಬದಲು ತಂತ್ರಾಂಶವೇ ತನ್ನ ಬರವಣಿಗೆಯನ್ನು ಸರಿಸಿಕೊಂಡಿತು. ಮುದ್ರಕದ ಪಕ್ಕದಲ್ಲಿ ನಿಂತು ಜನ ಪಡುವ ಪಾಡನ್ನು ನೋಡದಿದ್ದರೆ ಇಂಥ ಪರಿಹಾರ ಹೊಳೆಯುತ್ತಿತ್ತೇ?

ಮನೆಯವರೆಗೂ ಹಿಂಬಾಲಿಸಿ

ಒಳ್ಳೆಯ ಉತ್ಪನ್ನ ಮಾಡಿದ ಮಾತ್ರಕ್ಕೆ ಗೆಲುವು ಸಿಗಲಿಲ್ಲ. ಬಂಡವಾಳಗಾರರು ಬಾಗಿಲು ಮುಚ್ಚಿದರು. ಬ್ಯಾಂಕುಗಳ ಮೂಲಕ ಮಾರುವ ಯೋಜನೆ ಫಲಿಸಲಿಲ್ಲ. 1985ರ ಹೊತ್ತಿಗೆ ಕಂಪನಿಯಲ್ಲಿ ಸಂಬಳಕ್ಕೂ ಹಣವಿರಲಿಲ್ಲ. ಕೆಲವರು ಬಿಟ್ಟುಹೋದರು, ಉಳಿದವರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. 1986ರಲ್ಲಿ ಇದ್ದಬದ್ದ ಹಣವನ್ನೆಲ್ಲ ಕಂಪ್ಯೂಟರ್ ಪತ್ರಿಕೆಗಳ ಜಾಹೀರಾತಿಗೆ ಸುರಿದ ಮೇಲೆ ಮಾರಾಟ ಏರತೊಡಗಿತು. ಬಳಸಿದವರು ನೆರೆಹೊರೆಯವರಿಗೆ ಹೇಳಿದರು. ದಶಕದ ಕೊನೆಯ ಹೊತ್ತಿಗೆ ಮನೆ ಲೆಕ್ಕದ ತಂತ್ರಾಂಶಗಳಲ್ಲಿ ಕ್ವಿಕನ್ ಮುಂಚೂಣಿಗೆ ಬಂದಿತ್ತು.

ಗೆದ್ದ ಮೇಲೂ ನೋಡುವ ಅಭ್ಯಾಸ ನಿಲ್ಲಲಿಲ್ಲ. 1980ರ ದಶಕದ ಕೊನೆಯಲ್ಲಿ ಆರಂಭವಾದ ಒಂದು ಪದ್ಧತಿ ಇಂಟ್ಯೂಟಿಗೆ ಹೆಸರು ತಂದಿತು. ಕಂಪನಿಯ ನೌಕರರು ಅಂಗಡಿಯಲ್ಲಿ ಕಾಯುತ್ತಿದ್ದರು. ಯಾರಾದರೂ ಕ್ವಿಕನ್ ಕೊಂಡರೆ, 'ನಿಮ್ಮ ಜತೆ ಮನೆಗೆ ಬಂದು, ನೀವು ಇದನ್ನು ಬಳಸುವುದನ್ನು ನೋಡಬಹುದೇ?' ಎಂದು ಅನುಮತಿ ಕೇಳುತ್ತಿದ್ದರು. ಒಪ್ಪಿದವರ ಮನೆಯಲ್ಲಿ ಸುಮ್ಮನೆ ಕುಳಿತು, ಪೆಟ್ಟಿಗೆ ಬಿಚ್ಚುವುದರಿಂದ ಹಿಡಿದು ಮೊದಲ ಚೆಕ್ ಬರೆಯುವವರೆಗೆ ನೋಡುತ್ತಿದ್ದರು. ನೆರವಾಗುವಂತಿಲ್ಲ, ಹೇಳಿಕೊಡುವಂತಿಲ್ಲ. ಪ್ರಯೋಗಶಾಲೆಯಲ್ಲಿ ಕಾಣದ ಸಂಗತಿಗಳು ಮನೆಯಲ್ಲಿ ಕಾಣುತ್ತವೆ. ಮೇಜಿನ ಮೇಲೆ ಹರಡಿದ ಬಿಲ್ಲುಗಳು, ನಡುವೆ ಬರುವ ದೂರವಾಣಿ ಕರೆ, ಅಳುವ ಮಗು ಇವೆಲ್ಲವೂ ತಂತ್ರಾಂಶ ಬದುಕಬೇಕಾದ ಪರಿಸರವೇ ತಾನೆ?

'ತಪ್ಪು' ಉತ್ತರದಲ್ಲಿದ್ದ ನಿಧಿ

ಶೋಧನೆಯಲ್ಲಿ ಅತ್ಯಂತ ಕಷ್ಟದ ಕೆಲಸ ಪ್ರಶ್ನೆ ಕೇಳುವುದಲ್ಲ. ನಿರೀಕ್ಷಿಸದ ಉತ್ತರವನ್ನು ನಂಬುವುದು. ಕ್ವಿಕನ್ ಕೊಂಡವರನ್ನು ಸಮೀಕ್ಷೆ ಮಾಡಿದಾಗ ಅರ್ಧದಷ್ಟು ಮಂದಿ ಅದನ್ನು ಮನೆಗಲ್ಲದೆ ತಮ್ಮ ಸಣ್ಣ ವ್ಯಾಪಾರಕ್ಕೆ ಬಳಸುತ್ತಿದ್ದಾರೆ ಎಂದು ತಿಳಿಯಿತು. ಇದು ಮನೆಗಾಗಿ ಮಾಡಿದ ತಂತ್ರಾಂಶ! ವ್ಯಾಪಾರಕ್ಕೆಂದೇ ಲೆಕ್ಕಪತ್ರದ ತಂತ್ರಾಂಶಗಳು ಬೇಕಾದಷ್ಟಿದ್ದವು. ಹೀಗಾಗಿ ಕಂಪನಿ ಈ ಉತ್ತರವನ್ನು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ.

ಕೊನೆಗೆ ವಿಚಾರಿಸಿ ನೋಡಿದಾಗ ಕಾರಣ ಸರಳವಾಗಿತ್ತು. ಇದ್ದ ತಂತ್ರಾಂಶಗಳನ್ನು ಲೆಕ್ಕಶಾಸ್ತ್ರ ಬಲ್ಲವರು, ಲೆಕ್ಕಶಾಸ್ತ್ರ ಬಲ್ಲವರಿಗಾಗಿ ಮಾಡಿದ್ದರು. ಅಲ್ಲಿ ಡೆಬಿಟ್, ಕ್ರೆಡಿಟ್, ಜೋಡಿ ನಮೂದು ಪದ್ಧತಿ ಎಲ್ಲ ಗೊತ್ತಿರಬೇಕು. ಆದರೆ ಸಣ್ಣ ಅಂಗಡಿಯ ಲೆಕ್ಕ ಇಡುವವರು ಬಹುಪಾಲು ಆ ಶಾಸ್ತ್ರವನ್ನು ಕಲಿತವರಲ್ಲ. ಅಂಗಡಿಯ ಮಾಲೀಕನೋ, ಅವನ ಹೆಂಡತಿಯೋ, ಕಚೇರಿಯ ಗುಮಾಸ್ತನೋ ಆ ಕೆಲಸ ಮಾಡುತ್ತಿದ್ದರು. ಅವರಿಗೆ ಬೇಕಾದದ್ದು ಬಿಲ್ಲು ಬರೆಯುವುದು, ಯಾರಿಂದ ಎಷ್ಟು ಬರಬೇಕೆಂದು ತಿಳಿಯುವುದು, ಕೊಡಬೇಕಾದದ್ದನ್ನು ಕೊಡುವುದು. ಈ ಅರಿವಿನಿಂದ 1992ರಲ್ಲಿ ಹುಟ್ಟಿದ್ದೇ 'ಕ್ವಿಕ್‌ಬುಕ್ಸ್'. ಜೋಡಿ ನಮೂದು ಒಳಗೇ ನಡೆಯುತ್ತದೆ. ಹೊರಗೆ ಕಾಣುವುದು ಬಿಲ್ಲು ಮತ್ತು ಚೆಕ್ಕು. ಮುಂದೆ ಇದು ಕ್ವಿಕನ್‌ಗಿಂತ ದೊಡ್ಡ ವ್ಯವಹಾರವಾಗಿ ಬೆಳೆಯಿತು.

ಇಷ್ಟರಲ್ಲಿ ದೈತ್ಯನ ಕಣ್ಣೂ ಇತ್ತ ಬಿದ್ದಿತ್ತು. ಮೈಕ್ರೋಸಾಫ್ಟ್ 1991ರಲ್ಲಿ 'ಮನಿ' ಎಂಬ ತಂತ್ರಾಂಶ ತಂದಿತು. ಅದರಿಂದ ಕ್ವಿಕನ್ ಕದಲದಿದ್ದಾಗ, 1994ರಲ್ಲಿ ಇಂಟ್ಯೂಟ್ ಕಂಪನಿಯನ್ನೇ ಸುಮಾರು 150 ಕೋಟಿ ಡಾಲರಿಗೆ ಕೊಳ್ಳಲು ಮುಂದಾಯಿತು. ಇದರಿಂದ ಸ್ಪರ್ಧೆ ನಾಶವಾಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ 1995ರಲ್ಲಿ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟ್ ಹಿಂದೆ ಸರಿಯಿತು. 2009ರಲ್ಲಿ 'ಮನಿ'ಯ ಮಾರಾಟವೂ ನಿಂತಿತು.

ಬರೆಯುವ ಕೆಲಸವೇ ಬೇಡವಾದಾಗ

ಅಂತರಜಾಲ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಖರ್ಚಿನ ವಿವರ ಬ್ಯಾಂಕಿನ ಗಣಕದಲ್ಲಿ ಹೇಗೂ ಇದೆ. ಅದನ್ನು ಮತ್ತೆ ಕುಟ್ಟುವುದೇಕೆ? 2006ರಲ್ಲಿ 'ವೆಸಾಬಿ', 2007ರಲ್ಲಿ 'ಮಿಂಟ್' ಎಂಬ ಜಾಲತಾಣಗಳು ಬಂದವು. ಎರಡರ ಗುರಿಯೂ ಒಂದೇ, ದಾರಿ ಬೇರೆ. ವೆಸಾಬಿಯವರು ಬಳಕೆದಾರರ ಬ್ಯಾಂಕ್ ಗುಪ್ತಪದವನ್ನು ತಾವು ಇಟ್ಟುಕೊಳ್ಳಲು ಹಿಂಜರಿದರು. ಜನ ತಮ್ಮ ಖರ್ಚಿಗೆ ತಾವೇ ಹೆಸರಿಟ್ಟು ವಿಂಗಡಿಸಿದರೆ ಹಣದ ಶಿಸ್ತು ಕಲಿಯುತ್ತಾರೆಂದೂ ನಂಬಿದ್ದರು. ಮಿಂಟ್‌ನ ಆರನ್ ಪ್ಯಾಟ್ಜರ್ ಬಳಕೆದಾರನಿಗೆ ಕೆಲಸವನ್ನೇ ಇಡಲಿಲ್ಲ. ಬ್ಯಾಂಕಿನ ವಿವರಗಳನ್ನು ತರಲು, ಬೆಂಗಳೂರಿನಲ್ಲೂ ದೊಡ್ಡ ಅಭಿವೃದ್ಧಿ ಕೇಂದ್ರವಿದ್ದ 'ಯೋಡ್ಲಿ' ಕಂಪನಿಯ ಸೇವೆಯನ್ನು ಬಳಸಿಕೊಂಡ. ಅಂಗಡಿಯ ಹೆಸರು ನೋಡಿ ಇದು ಊಟ, ಇದು ಪೆಟ್ರೋಲು ಎಂದು ತಂತ್ರಾಂಶವೇ ವಿಂಗಡಿಸುತ್ತಿತ್ತು. ಕೆಲವೇ ನಿಮಿಷಗಳಲ್ಲಿ ನಿಮ್ಮ ಖರ್ಚಿನ ಚಿತ್ರ ನಿಮ್ಮ ಮುಂದೆ!

ಫಲಿತಾಂಶ ನೀವು ಊಹಿಸಬಹುದು. 2009ರಲ್ಲಿ ಇಂಟ್ಯೂಟ್ ಮಿಂಟ್ ಅನ್ನು 17 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ವೆಸಾಬಿ 2010ರಲ್ಲಿ ಮುಚ್ಚಿತು. ಜನರಿಗೆ ಒಳಿತೆಂದು ಹೆಚ್ಚು ಕೆಲಸ ಕೊಟ್ಟದ್ದೇ ಸೋಲಿಗೆ ಮುಖ್ಯ ಕಾರಣಗಳಲ್ಲೊಂದೆಂದು ಅದರ ಸ್ಥಾಪಕ ಮಾರ್ಕ್ ಹೆಡ್ಲಂಡ್ ಆ ಬಳಿಕ ಬರೆದ. ಇಪ್ಪತ್ತೈದು ವರ್ಷಗಳ ಹಿಂದೆ ದೂರವಾಣಿಯಲ್ಲಿ ಸಿಕ್ಕಿದ್ದ ಅದೇ ಉತ್ತರ: ಈ ಕೆಲಸ ಬೇಗ ಮುಗಿಯಬೇಕು.

ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಮಿಂಟ್ ಉಚಿತವಾಗಿತ್ತು. ನಿಮ್ಮ ಖರ್ಚಿನ ವಿವರ ನೋಡಿ, ನಿಮಗೆ ಹೊಂದುವ ಕ್ರೆಡಿಟ್ ಕಾರ್ಡು, ಸಾಲಗಳನ್ನು ಸೂಚಿಸುವುದು ಅದರ ಆದಾಯದ ಮೂಲ. 2024ರ ಮಾರ್ಚ್‌ನಲ್ಲಿ ಇಂಟ್ಯೂಟ್ ಅದನ್ನು ಮುಚ್ಚಿತು. ವರ್ಷಗಟ್ಟಲೆ ಅದನ್ನೇ ನೆಚ್ಚಿದ್ದವರು ತಮ್ಮ ಲೆಕ್ಕವನ್ನು ಇಳಿಸಿಕೊಂಡು ಬೇರೆಡೆ ಹೋಗಬೇಕಾಯಿತು. ಡೈರಿಯಲ್ಲಿ ಬರೆದ ಲೆಕ್ಕ ಡೈರಿಯಿರುವವರೆಗೂ ನಿಮ್ಮದು. ಶ್ರಮ ಕಡಿಮೆಯಾದಂತೆ ಹಿಡಿತವೂ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ಗಡಿಯಾರ ಹಿಡಿದು ಅಳೆಯಲಾಗದು. ಅದನ್ನು ಬೇರೆಯಾಗಿಯೇ ಕೇಳಬೇಕು.

ನಮ್ಮ ನೆಲದಲ್ಲಿ

ಇಂಟ್ಯೂಟ್ 2005ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿ ಕೇಂದ್ರ ತೆರೆಯಿತು. ಮನೆಯವರೆಗೆ ಹಿಂಬಾಲಿಸುವ ಪದ್ಧತಿಯೂ ಜತೆಗೇ ಬಂತು. ಇಲ್ಲಿನ ಎಂಜಿನಿಯರುಗಳು ಹಳ್ಳಿಗಳಿಗೆ ಹೋಗಿ ರೈತರ ದಿನಚರಿಯನ್ನು ಗಮನಿಸಿದರು. ರೈತನ ಹಣಕಾಸಿನ ಮೂಲ ಕಷ್ಟ ಲೆಕ್ಕ ಇಡುವುದರಲ್ಲಿರಲಿಲ್ಲ. ಯಾವ ಮಾರುಕಟ್ಟೆಯಲ್ಲಿ ಇಂದು ಏನು ಬೆಲೆಯಿದೆ ಎಂದು ತಿಳಿಯದೆ ಫಸಲು ಮಾರಬೇಕಾಗಿದ್ದುದರಲ್ಲಿತ್ತು. ಇದರಿಂದ ರೂಪುಗೊಂಡದ್ದು, ಮಾರುಕಟ್ಟೆಯ ಬೆಲೆಗಳನ್ನು ರೈತರ ಮೊಬೈಲಿಗೆ ಕಿರುಸಂದೇಶವಾಗಿ ಕಳಿಸುತ್ತಿದ್ದ 'ಫಸಲ್' ಸೇವೆ. ಅದನ್ನೂ ಮೊದಲು ಕಡಿಮೆ ಖರ್ಚಿನ ಮಾದರಿಯಾಗಿ ಪರೀಕ್ಷಿಸಿಯೇ ಬೆಳೆಸಲಾಯಿತು. ಲೆಕ್ಕದ ತಂತ್ರಾಂಶ ಮಾಡುವ ಕಂಪನಿ ಹೊಲದ ಬದುವಿನಲ್ಲಿ ನಿಂತು ನೋಡಿದ್ದರಿಂದ, ಲೆಕ್ಕದ ತಂತ್ರಾಂಶವಲ್ಲದ ಉತ್ತರ ಸಿಕ್ಕಿತು.

ಹಿಡಿತದ ಪ್ರಶ್ನೆಗೂ ನಮ್ಮಲ್ಲಿ ಒಂದು ಪ್ರಯತ್ನ ನಡೆದಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿ, 2021ರಲ್ಲಿ ಸಾರ್ವಜನಿಕವಾಗಿ ಚಾಲನೆಗೊಂಡ 'ಅಕೌಂಟ್ ಅಗ್ರಿಗೇಟರ್' ವ್ಯವಸ್ಥೆಯಲ್ಲಿ ನೀವು ಬ್ಯಾಂಕಿನ ಗುಪ್ತಪದವನ್ನು ಯಾರಿಗೂ ಕೊಡಬೇಕಿಲ್ಲ. ಯಾವ ವಿವರ, ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂದು ನೀವು ಒಪ್ಪಿಗೆ ಕೊಟ್ಟಷ್ಟೇ ದತ್ತಾಂಶ ಸಾಗುತ್ತದೆ. ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲೂಬಹುದು. ವಿವರಗಳನ್ನು ಸಾಗಿಸುವ ಮಧ್ಯವರ್ತಿ ಸಂಸ್ಥೆ ಅವನ್ನು ತೆರೆದು ಓದುವಂತಿಲ್ಲ.

ಆದರೆ ಆ ಒಪ್ಪಿಗೆಯ ಪುಟವನ್ನು ಓದಿ ಅರ್ಥ ಮಾಡಿಕೊಳ್ಳಬೇಕಾದವರು ಯಾರು? ಮೊಬೈಲಿನಲ್ಲಿ ಹಣ ಕಳಿಸುವುದನ್ನು ಈಚೆಗಷ್ಟೇ ಕಲಿತ ತರಕಾರಿ ಅಂಗಡಿಯಾಕೆ, ಪಿಂಚಣಿ ಪಡೆಯುವ ಮೇಷ್ಟರು, ಸ್ವಸಹಾಯ ಸಂಘದ ಪುಸ್ತಕ ಬರೆಯುವ ತರುಣಿ. ಓದುಗರಾದ ನಿಮ್ಮಲ್ಲಿ ಅನೇಕರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ಮನೆ ಲೆಕ್ಕದ ಒಂದು ತಂತ್ರಾಂಶ ಬರೆಯೋಣವೆಂದು ನಿಮಗೆ ಅನ್ನಿಸಿದರೆ ಮೊದಲ ಸಾಲು ಬರೆಯುವ ಮುನ್ನ ಇಂಥ ಮೂವರ ಪಕ್ಕದಲ್ಲಿ ಕುಳಿತುಕೊಳ್ಳಿ. ಕಾಗದದ ಮೇಲೆ ಪರದೆಯ ಚಿತ್ರ ಬರೆದು, 'ಇಲ್ಲಿ ಒತ್ತಿದರೆ ಏನಾಗುತ್ತದೆಂದು ನಿಮಗನ್ನಿಸುತ್ತದೆ?' ಎಂದು ಕೇಳಿ. ಆಮೇಲೆ ಮಾತನಾಡಬೇಡಿ, ಅವರ ಬೆರಳು ಎಲ್ಲಿ ನಿಲ್ಲುತ್ತದೆ ನೋಡಿ. ಅದಕ್ಕೆ ಬೇಕಾದ ಸಲಕರಣೆ ಒಂದು ಹಾಳೆ, ಒಂದು ಪೆನ್ಸಿಲ್.